ಆರು ವರ್ಷ, ಒಂದು ಕಾಟನ್ ಕೋಟು, ಎಂಟು ಟಿಚ್ ಬಟನ್

ಲ್ಯಾಬ್ ಕೋಟಿಗೂ ಯಾರಾದರೂ ರಿವ್ಯೂ ಬರೀತಾರಾ ಅಂತ ನನ್ನ ರೂಮ್‌ಮೇಟ್ ನಗುತ್ತಿದ್ದಾಳೆ. ನಗಲಿ. ಮೊಬೈಲ್ ಕವರಿನ ಬಗ್ಗೆ ನಾಲ್ಕು ಪುಟ ಬರೆಯುವವರಿದ್ದಾರೆ. ದಿನಕ್ಕೆ ಎಂಟು ತಾಸಿನಂತೆ ಆರು ವರ್ಷ ಮೈಮೇಲಿದ್ದ ಬಟ್ಟೆ ಬಗ್ಗೆ ನಾನು ಬರೆದರೆ ಏನು ತಪ್ಪು?

ಇದು ಕಂಪನಿ ಕೋಟಲ್ಲ. ಧಾರವಾಡದಲ್ಲೇ ಬಟ್ಟೆ ತಗೊಂಡು, ನಮ್ಮ ಓಣಿಯ ಟೇಲರ್ ಕಾಕಾನ ಹತ್ತಿರ ಹೊಲಿಸಿದ್ದು. ಕಾಟನ್ ಡ್ರಿಲ್ ಅನ್ನುವ ದಪ್ಪ ಬಟ್ಟೆ ಎರಡೂವರೆ ಮೀಟರು, ಮೀಟರಿಗೆ 180 ರೂಪಾಯಿಯಂತೆ 450. ಹೊಲಿಗೆ 350. ಟಿಚ್ ಬಟನ್ನಿಗೆ 40. ಒಟ್ಟು 840. ಆಗ ನಾನು ಕೆಮಿಸ್ಟ್ರಿ ಎಂ.ಎಸ್ಸಿ. ಎರಡನೇ ವರ್ಷ. ಬೆಟಗೇರಿಯಿಂದ ಅಪ್ಪ ತಿಂಗಳಿಗೆ ಕಳಿಸುತ್ತಿದ್ದ ದುಡ್ಡಿನಲ್ಲಿ 840 ತೆಗೆದಿಟ್ಟರೆ ಮೆಸ್ಸಿನವರಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಅದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು ಎಲ್ಲರ ಹತ್ತಿರ ಇರುವಂಥದ್ದೇ. ಸ್ಟೇಷನರಿ ಅಂಗಡಿಯಲ್ಲಿ ಜರ್ನಲ್ ಪುಸ್ತಕದ ಜೊತೆ ಮಾರುತ್ತಾರಲ್ಲ, 300 ರೂಪಾಯಿಯ ರೆಡಿಮೇಡ್ ಬಿಳಿ ಕೋಟು. ಇಸ್ತ್ರಿ ಬೇಡ, ಒಂದೇ ರಾತ್ರಿಯಲ್ಲಿ ಒಣಗುತ್ತದೆ, ಮಿರಮಿರ ಮಿಂಚುತ್ತದೆ. ಆ ಮಿಂಚೇ ಅನುಮಾನ ಹುಟ್ಟಿಸಿತು. ಒಂದು ಸಂಜೆ ಹೊಲಿಗೆ ಒಳಗಿಂದ ಎರಡೆಳೆ ದಾರ ಕಿತ್ತು ಕಡ್ಡಿ ಗೀರಿ ಹಿಡಿದೆ. ಕಾಟನ್ ಆಗಿದ್ದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯಬೇಕು. ಇದು ಮುದುರಿಕೊಂಡು ತೊಟ್ಟಿಕ್ಕಿ, ತುದಿಯಲ್ಲಿ ಕರಿ ಮಣಿಯಾಗಿ ಗಟ್ಟಿಯಾಯಿತು. ಪಾಲಿಸ್ಟರ್ ಸುಮಾರು 250-260 ಡಿಗ್ರಿಗೆ ಕರಗುತ್ತದೆ ಅಂತ ಪಾಠದಲ್ಲಿ ಓದಿದ್ದೆ. ಆ ಮಣಿಯನ್ನು ಉಗುರಿನಿಂದ ಕೆರೆದು ನೋಡಿದಾಗ, ಅದು ಚರ್ಮಕ್ಕೆ ಅಂಟಿದರೆ ಹೇಗಿರುತ್ತದೆ ಅಂತ ಹೊಳೆಯಿತು.

ಅದೇ ವಾರ ಶೆರಿ ಸಂಗ್ಜಿ ಅನ್ನುವ ಸಂಶೋಧನಾ ಸಹಾಯಕಿಯ ಬಗ್ಗೆ ಓದಿದ್ದೂ ಕೋಟು ಬದಲಿಸಲು ಕಾರಣ. 2008ರ ಡಿಸೆಂಬರ್ 29ರಂದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಟರ್ಷಿಯರಿ ಬ್ಯುಟೈಲ್ ಲಿಥಿಯಂ ಅನ್ನು ಸಿರಿಂಜಿನಲ್ಲಿ ಎಳೆಯುವಾಗ ಅದರ ಪ್ಲಂಜರ್, ಅಂದರೆ ಹಿಂದಿನಿಂದ ಎಳೆಯುವ ಕಡ್ಡಿ, ಹೊರಬಂತು. ಗಾಳಿ ತಾಕಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುವ ವಸ್ತು ಅದು. ಆಕೆ ಕೋಟು ಹಾಕಿರಲಿಲ್ಲ, ಸಿಂಥೆಟಿಕ್ ಸ್ವೆಟರ್ ಹಾಕಿದ್ದಳು. 18 ದಿನಕ್ಕೆ ತೀರಿಕೊಂಡಳು. ವಯಸ್ಸು 23. ನನಗೆ ಆಗ 22. ಹಾಗಂತ ನನ್ನ ಕಾಟನ್ ಕೋಟು ಅಂಥ ಬೆಂಕಿಯನ್ನು ತಡೆಯುತ್ತದೆ ಅಂತ ಯಾರೂ ತಿಳಿಯಬೇಡಿ. ಕಾಟನ್ ಕರಗುವುದಿಲ್ಲ, ಆದರೆ ಉರಿಯುತ್ತದೆ. ತಾನಾಗಿ ಹೊತ್ತುವ ವಸ್ತುಗಳ ಜೊತೆ ಕೆಲಸ ಮಾಡುವವರಿಗೆ ಬೆಂಕಿ ತಡೆಯುವ ಬೇರೆ ಬಟ್ಟೆಯ ಕೋಟೇ ಬೇಕು. ಅದರ ರೇಟು ಕೇಳಿ ನಾನು ಸುಮ್ಮನೆ ವಾಪಸ್ ಬಂದೆ.

ಟೇಲರ್ ಕಾಕಾನ ಹತ್ತಿರ ಹೋದಾಗ ಗುಂಡಿ ಯಾವ ಥರದ್ದು ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಅವನೇ ಕೇಳಿದ. "ಇದನ್ನ ಹಾಕ್ಕೊಂಡು ಏನ್ ಮಾಡ್ತೀರಿ ಅಕ್ಕಾರ?" ಆಸಿಡ್, ಬೆಂಕಿ ಎಲ್ಲ ಇರುತ್ತದೆ ಅಂದೆ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಒಂದು ಗಳಿಗೆ ನಿಂತ. "ಹಂಗಾರ ಕಾಜಾ ಗುಂಡಿ ಬ್ಯಾಡ್ರಿ. ಟಿಚ್ ಬಟನ್ ಹಾಕ್ತೀನಿ. ಒಂದ ಸಲ ಜಗ್ಗಿದ್ರ ಎಲ್ಲಾ ಬಿಚ್ಚಬೇಕು." ಸುರಕ್ಷತೆ ಬಗ್ಗೆ ನನಗೆ ಯಾರಾದರೂ ಹೇಳಿಕೊಟ್ಟ ಮೊದಲ ಕೆಲಸಕ್ಕೆ ಬರುವ ಮಾತು ಅದು. ಹೇಳಿದವನು ಕೆಮಿಸ್ಟ್ರಿ ಓದಿದವನಲ್ಲ. ಅವನ ಹೆಂಡತಿಯ ಸೀರೆಗೆ ಒಮ್ಮೆ ಸ್ಟೋವಿನ ಬೆಂಕಿ ತಗುಲಿತ್ತಂತೆ, ಅಷ್ಟೇ.

ಮುಂದೆ ಆರು, ಮುಂಗೈಗೆ ಒಂದೊಂದು. ಬೆಳಿಗ್ಗೆ ಲ್ಯಾಬಿಗೆ ಬಂದ ಕೂಡಲೇ ವೇಲ್ ತೆಗೆದು ಬ್ಯಾಗಿಗೆ ತುರುಕುವುದು, ಜಡೆ ಸುತ್ತಿ ಕ್ಲಿಪ್ ಹಾಕುವುದು, ಆಮೇಲೆ ಕೆಳಗಿನಿಂದ ಮೇಲಕ್ಕೆ ಟಪ್, ಟಪ್, ಟಪ್. ಕೊನೆಯದಾಗಿ ಎರಡು ಮುಂಗೈ. ಗ್ಲೌಸನ್ನು ಆ ಪಟ್ಟಿಯ ಮೇಲೆ ಎಳೆದರೆ ನಡುವೆ ಚರ್ಮ ಕಾಣುವುದಿಲ್ಲ. ಆ ಎಂಟು ಸದ್ದು ಕೇಳಿದ ಮೇಲೆಯೇ ನನ್ನ ತಲೆ ಕೆಲಸಕ್ಕೆ ಇಳಿಯುತ್ತಿತ್ತು. ಕೆಲವರಿಗೆ ಚಹಾ, ನನಗೆ ಇದು. ಸಂಜೆ ಒಂದೇ ಎಳೆತ. ಬರ್ರ್ ಅಂತ ಎಲ್ಲ ಬಿಚ್ಚಿಕೊಳ್ಳುವ ಸುಖ ಹೇಳತೀರದು.

ಆ ಎಳೆತ ಒಮ್ಮೆ ಮಾತ್ರ ನಿಜವಾಗಿ ಬೇಕಾಯಿತು. ಪಿಎಚ್.ಡಿ.ಗೆ ಸೇರಿದ ವರ್ಷ, ಬೇಗ ಹೊತ್ತಿಕೊಳ್ಳುವ ಅಸಿಟೋನ್‌ನಲ್ಲಿ ಫ್ಲಾಸ್ಕ್ ತೊಳೆಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಜೂನಿಯರ್ ಹುಡುಗಿ ಸಾಲ್ಟ್ ಅನಾಲಿಸಿಸ್‌ಗೆ ಬರ್ನರ್ ಹಚ್ಚಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು, ತಪ್ಪು ನನ್ನದೇ. ಮೊದಲು ಕಾಣಲೇ ಇಲ್ಲ. ಹೊಟ್ಟೆ ಹತ್ತಿರ ಬಿಸಿ ಅನಿಸಿ ಕೆಳಗೆ ನೋಡಿದರೆ ಕೋಟಿನ ಅಂಚು ಹೊತ್ತಿತ್ತು. ನಿಯಮದ ಪ್ರಕಾರ ಮೈಮೇಲೆ ನೀರು ಸುರಿಸುವ ಸೇಫ್ಟಿ ಶವರ್ ಕೆಳಗೆ ಓಡಬೇಕು. ನಮ್ಮ ಶವರ್ ಕೆಳಗೆ ಮುರಿದ ಸ್ಟೂಲುಗಳನ್ನು ಪೇರಿಸಿಟ್ಟಿದ್ದರು. ನಾನು ಎರಡೂ ಕಡೆ ಹಿಡಿದು ಜಗ್ಗಿದೆ. ಆರೂ ಒಟ್ಟಿಗೆ ಬಿಚ್ಚಿದವು, ಮುಂಗೈಯದೂ ಬಂತು, ಕೋಟು ಸಿಂಕಿನಲ್ಲಿ ಬಿತ್ತು. ಅಟೆಂಡರ್ ಕಾಕಾ ಉಸುಕಿನ ಬಕೆಟ್ ಹಿಡಿದು ಓಡಿ ಬರುವಷ್ಟರಲ್ಲಿ ನಲ್ಲಿ ನೀರು ಅದರ ಮೇಲೆ ಸುರಿಯುತ್ತಿತ್ತು. ಅಂಗೈಯಗಲ ಸುಟ್ಟಿತ್ತು, ಒಳಗಿನ ಕುರ್ತಾಗೆ ಏನೂ ಆಗಿರಲಿಲ್ಲ. ಕಾಜಾ ಗುಂಡಿಯಾಗಿದ್ದರೆ ನಡುಗುವ ಬೆರಳಲ್ಲಿ ಮೊದಲನೆಯದನ್ನೇ ಬಿಚ್ಚುತ್ತಾ ನಿಂತಿರುತ್ತಿದ್ದೆ.

ಅವತ್ತು ಕೇಳಿದ್ದರೆ 5ಕ್ಕೆ 5 ಕೊಡುತ್ತಿದ್ದೆ. ಈಗ ದೂರಿನ ಪಾಳಿ.

ಮೊದಲನೇ ದೂರು ಕೋಟಿನದಲ್ಲ, ನನ್ನದು. "ಬಟ್ಟಿ ಒಂದ ರಾತ್ರಿ ನೀರಾಗ ನೆನಿ ಇಟ್ಟು ತರ್ರಿ" ಅಂದಿದ್ದ ಟೇಲರ್ ಕಾಕಾ. ನಾಳೆನೇ ಬೇಕು ಅಂತ ಹಟ ಮಾಡಿದೆ. ಮೊದಲ ಒಗೆತಕ್ಕೇ ತೋಳು ಒಂದೂವರೆ ಇಂಚು ಮೇಲೇರಿತು. ಅವನು ಮುಖ ನೋಡಿಯೂ ನಗಲಿಲ್ಲ. "ಗೊತ್ತಿತ್ರಿ ಅಕ್ಕಾರ, ಒಳಗ ಎರಡ ಇಂಚು ಮಡಚಿ ಬಿಟ್ಟೀನಿ" ಅಂತ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಟ್ಟ, ದುಡ್ಡು ತಗೊಳ್ಳಲಿಲ್ಲ.

ಒಗೆಯುವುದು ದೊಡ್ಡ ತಲೆನೋವು. ಕೋಟು ಕಡ್ಡಾಯ ಅಂತ ನನ್ನ ವಿಭಾಗದ ಗೋಡೆ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ. ಅದನ್ನು ಎಲ್ಲಿ ತೂಗುಹಾಕಬೇಕು, ಎಲ್ಲಿ ಒಗೆಯಬೇಕು ಅಂತ ಯಾವ ಭಾಷೆಯಲ್ಲೂ ಬರೆದಿಲ್ಲ. ಬಾಟಲಿ ತೊಳೆಯುವ ಅಟೆಂಡರ್ ಕಾಕಾನಿಗಂತೂ ಕೋಟೇ ಇಲ್ಲ. ಪ್ರಾಕ್ಟಿಕಲ್ ಪರೀಕ್ಷೆ ದಿನ ಒಳಗಿಂದ ಹೊರಬಂದ ಬ್ಯಾಚಿನ ಕೋಟನ್ನು ಬಾಗಿಲಲ್ಲೇ ಬಿಚ್ಚಿಸಿಕೊಂಡು ಮುಂದಿನ ಬ್ಯಾಚು ಹಾಕಿಕೊಂಡು ಹೋಗುತ್ತದೆ, ಬೆವರು ಆರುವ ಮುಂಚೆ. ನನ್ನ ಕೋಟೂ ಹಾಗೆ ಎರಡು ಸಲ ಕಾಣೆಯಾಗಿ, ಯಾರದೋ ವೈವಾ ಮುಗಿಸಿ ಬಂದಿದೆ. ಕೋಟು ಹಾಕಿಕೊಂಡೇ ಕ್ಯಾಂಟೀನಿಗೆ ಹೋಗಿ ಗಿರಮಿಟ್ ತಿನ್ನುವವರ ಬಗ್ಗೆ ಏನೂ ಹೇಳುವುದಿಲ್ಲ, ಅವರಲ್ಲಿ ನನ್ನ ಗೆಳತಿಯರೂ ಇದ್ದಾರೆ.

ಮೊದಮೊದಲು ನಾನೂ ರಜೆಗೆ ಹೋಗುವಾಗ ಊರಿಗೆ ಒಯ್ದು ಅವ್ವನ ಬಟ್ಟೆ ಜೊತೆ ನೆನೆಹಾಕುತ್ತಿದ್ದೆ. ಎರಡು ಒಗೆತಕ್ಕೆ ಎದೆ ಮೇಲೆ ಸಾಸಿವೆ ಕಾಳಿನಷ್ಟು ತೂತುಗಳು. "ಇದೇನವ್ವಾ, ಇಲಿ ಕಡದೈತೇನ?" ಅಂದಳು. ಇಲಿಯಲ್ಲ, ಸಲ್ಫ್ಯೂರಿಕ್ ಆಸಿಡ್. ದುರ್ಬಲ ದ್ರಾವಣ ಅಂತ ನಾವು ಲೆಕ್ಕಕ್ಕೆ ಇಡದ ಹನಿಯೇ ಹೀಗೆ ಮಾಡುತ್ತದೆ. ನೀರು ಆರುತ್ತದೆ, ಆಸಿಡ್ ಆರುವುದಿಲ್ಲ. ಬಟ್ಟೆಯಲ್ಲೇ ಕುಳಿತು ಗಾಢವಾಗುತ್ತಾ ನೂಲನ್ನು ತಿನ್ನುತ್ತದೆ. ಒಣಗಿದ ಕೋಟಿನಲ್ಲಿ ಏನೂ ಕಾಣುವುದಿಲ್ಲ, ಒಗೆದಾಗ ಸತ್ತ ನೂಲು ಉದುರಿ ತೂತು ಬಾಯಿ ಬಿಡುತ್ತದೆ. ಅವ್ವನ ಸೀರೆಗೂ ಒಂದು ತೂತು ಬಿತ್ತು. ಆವತ್ತಿನಿಂದ ಕೋಟಿಗೆ ಬೇರೆ ಬಕೆಟ್ಟು. ಮೊದಲು ಅಡುಗೆ ಸೋಡಾದ ನೀರು ಸವರಿ, ಹತ್ತು ನಿಮಿಷ ಬಿಟ್ಟು, ಆಮೇಲೆ ಸೋಪು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಒಯ್ಯಬೇಕಾದರೆ ಪ್ರತ್ಯೇಕ ಚೀಲ, ಪುಸ್ತಕದ ಬ್ಯಾಗಿಗೆ ಪ್ರವೇಶವಿಲ್ಲ. ಡ್ರಿಲ್ ಬಟ್ಟೆ ದಪ್ಪ, ಧಾರವಾಡದ ಜುಲೈನಲ್ಲಿ ಒಣಗಲು ಮೂರು ದಿನ ಬೇಡುತ್ತದೆ. ಒಂದೇ ಕೋಟಿದ್ದವರಿಗೆ ಇದು ಶಿಕ್ಷೆ.

ಕಲೆಗಳಲ್ಲಿ ಪರ್ಮ್ಯಾಂಗನೇಟಿನ ಕಂದು ಕಲೆ ಲಿಂಬೆಹಣ್ಣು ಹಚ್ಚಿದರೆ ಹೋಗುತ್ತದೆ, ಅವ್ವನೇ ಕಂಡುಹಿಡಿದಿದ್ದು. ಸಿಲ್ವರ್ ನೈಟ್ರೇಟ್ ಮಾತ್ರ ಹೋಗುವ ಆಸೆ ಬಿಡಿ. ಬೆಳಕು ಬಿದ್ದಂತೆ ಬೆಳ್ಳಿಯಾಗಿ ಕಪ್ಪಾಗುವ ಆ ಗುಣವನ್ನೇ ನಂಬಿ 1962ರಿಂದ ಮೈಸೂರಿನಲ್ಲಿ ಚುನಾವಣೆಯ ಶಾಯಿ ಮಾಡುತ್ತಿದ್ದಾರೆ. ನನ್ನ ಎಡ ಮುಂಗೈ ಪಟ್ಟಿ ಆರು ವರ್ಷದಿಂದ ವೋಟು ಹಾಕಿದಂತೆಯೇ ಇದೆ.

ಕನ್ನಡಕ, ಗ್ಲೌಸ್ ಬಗ್ಗೆ ಕೇಳಬೇಡಿ, ಅದು ಬೇರೆ ಪುರಾಣ. ನೈಟ್ರೈಲ್ ಗ್ಲೌಸ್ ಹಾಕಿದ್ದೀನಿ ಅಂತ ಅಸಿಟೋನಿನಲ್ಲಿ ಕೈ ಅದ್ದಿ ಕೂಡಬೇಡಿ, ನೋಡನೋಡುತ್ತಲೇ ಒಳಗೆ ಇಳಿಯುತ್ತದೆ ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನನ್ನನ್ನು ನಿಜವಾಗಿ ಕೈಬಿಟ್ಟದ್ದು ಟಿಚ್ ಬಟನ್ನೇ. ಯಾವುದನ್ನು ಊರೆಲ್ಲ ಹೊಗಳಿಕೊಂಡು ತಿರುಗಿದೆನೋ ಅದೇ. ಲ್ಯಾಬಿನಲ್ಲಿ ಕೋಟು ತೂಗುಹಾಕಲು ನನಗೆ ಸಿಕ್ಕ ಮೊಳೆ ಆಸಿಡ್ ಕಪಾಟಿನ ಪಕ್ಕದ್ದು. ಹೈಡ್ರೋಕ್ಲೋರಿಕ್ ಬಾಟಲಿಯ ಮುಚ್ಚಳ ಎಷ್ಟು ಬಿಗಿ ಮಾಡಿದರೂ ಹೊಗೆ ಬರುತ್ತಲೇ ಇರುತ್ತದೆ. ಮೂರು ವರ್ಷಕ್ಕೆ ಟಿಚ್ಚಿನ ಹೊಳಪು ಹೋಗಿ ಹಿತ್ತಾಳೆ ಕಂಡಿತು, ನಾಲ್ಕಕ್ಕೆ ಅಂಚಲ್ಲಿ ಹಸಿರು ಕಿಲುಬು. ಮುಚ್ಚುವಾಗಿನ ಟಪ್ ಸದ್ದು ಮಂಕಾಯಿತು. ನಾನು ಅದನ್ನು ವಯಸ್ಸು ಅಂದುಕೊಂಡೆ. ಒಂದು ಮಧ್ಯಾಹ್ನ ಪಿಪೆಟ್‌ನಿಂದ ಕಾನ್ಸಂಟ್ರೇಟೆಡ್ ಆಸಿಡ್ ಮಡಿಲ ಮೇಲೆ ಚೆಲ್ಲಿತು. ಜಗ್ಗಿದೆ. ಮೇಲಿನೆರಡು ಬಿಚ್ಚಿದವು, ಮೂರನೆಯದು ಕಚ್ಚಿ ಹಿಡಿಯಿತು. ಮತ್ತೆ ಜಗ್ಗಿದಾಗ ಟಿಚ್ ಬಿಚ್ಚಲಿಲ್ಲ, ಸುತ್ತಲಿನ ಬಟ್ಟೆಯೇ ಹರಿಯಿತು. ಬಟ್ಟೆ ಹಳತಾಗಿ ಜೀರ್ಣವಾಗಿದ್ದದ್ದು ನನ್ನ ಪುಣ್ಯ. ತೊಡೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಕೆಂಪಾಯಿತು, ಹದಿನೈದು ನಿಮಿಷ ನಲ್ಲಿ ನೀರು ಬಿಟ್ಟುಕೊಂಡು ಕೂತೆ, ಅಲ್ಲಿಗೆ ಮುಗಿಯಿತು. ಶವರ್ ಕೆಳಗೆ ಆಗ ಸ್ಟೂಲುಗಳಿರಲಿಲ್ಲ. ನೀರೂ ಇರಲಿಲ್ಲ.

ಹರಿದ ಕೋಟು ಹಿಡಿದು ಟೇಲರ್ ಕಾಕಾನ ಹತ್ತಿರ ಜಗಳಕ್ಕೆ ಹೋದೆ ಅಂತಲೇ ಹೇಳಬೇಕು. ಅವನು ಕಿಲುಬನ್ನು ಹೆಬ್ಬೆರಳಿನಿಂದ ತಿಕ್ಕಿ ಮೂಸಿ ನೋಡಿದ. "ಇದನ್ನ ಉಪ್ಪಿನಕಾಯಿ ಭರಣಿಯೊಳಗ ಇಟ್ಟಿದ್ರೇನ್ರಿ?" ಅಂದ. ನನಗೆ ಉತ್ತರ ಬರಲಿಲ್ಲ. ಇಷ್ಟು ವರ್ಷ ಕೆಮಿಸ್ಟ್ರಿ ಓದಿ, ಆಸಿಡ್ ಹೊಗೆಯ ಪಕ್ಕ ಹಿತ್ತಾಳೆ ನೇತುಹಾಕಿದವಳು ನಾನು.

ಪ್ಲಾಸ್ಟಿಕ್ ಟಿಚ್ ಹಾಕುತ್ತೀನಿ ಅಂದ. ಕೂಸುಗಳ ಅಂಗಿಗೆ ಹಾಕುವಂಥದ್ದು, ಹಾಗಾಗಿ ಅವನ ಡಬ್ಬಿಯಲ್ಲಿ ಬಿಳಿ ಇರಲಿಲ್ಲ, ಗುಲಾಬಿ ಇತ್ತು. ಹೊತ್ತಿದರೆ ಕರಗುತ್ತದಲ್ಲ ಅಂದೆ. "ಬೆಂಕಿ ನಿಮಗ ದಿನಾ ಹತ್ತತೈತೇನ್ರಿ?" ಅಂದ. ನಾಲ್ಕು ವರ್ಷಕ್ಕೆ ಒಮ್ಮೆ ಬೆಂಕಿ, ನಾಲ್ಕು ವರ್ಷವೂ ಆಸಿಡ್ ಹೊಗೆ. ಗುಲಾಬಿಗೆ ಒಪ್ಪಿದೆ. ಎಂಟಕ್ಕೆ 60 ರೂಪಾಯಿ. ಎರಡು ವರ್ಷವಾಯಿತು, ಒಂದೂ ಕಚ್ಚಿಲ್ಲ. ಆದರೂ ಈಗ ಪ್ರತಿ ಸೋಮವಾರ ಕೆಲಸಕ್ಕೆ ಮುಂಚೆ ಖಾಲಿ ಕೈಯಲ್ಲಿ ಒಮ್ಮೆ ಜಗ್ಗಿ ನೋಡುತ್ತೇನೆ. ಕೋಟು ತೂಗುಹಾಕುವ ಮೊಳೆಯನ್ನು ನಾನೇ ಕಲ್ಲಿನಿಂದ ಬಡಿದು ಬಾಗಿಲ ಹಿಂದೆ ಹೊಡೆದೆ. ಇನ್ನೊಂದು ಲಾಭ ನಾನು ಎಣಿಸಿರಲೇ ಇಲ್ಲ. ಗುಲಾಬಿ ಗುಂಡಿಯ ಕೋಟನ್ನು ಪರೀಕ್ಷೆ ದಿನ ಯಾವ ಹುಡುಗನೂ ಎತ್ತಿಕೊಂಡು ಹೋಗುವುದಿಲ್ಲ.

ಸದ್ಯಕ್ಕೆ 5ಕ್ಕೆ 4. ಕಳೆದ ಒಂದು ಮಾರ್ಕು ಸ್ಟೂಲುಗಳಿಗೆ, ಕೋಟಿಗಲ್ಲ.

ಕೋಟಿನ ಬೆನ್ನು ಈಗ ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ಕಾಣುತ್ತದೆ. ಫೆಲೋಶಿಪ್ ಐದು ತಿಂಗಳ ಬಾಕಿ ಮೊನ್ನೆ ಒಟ್ಟಿಗೆ ಬಂತು, ಐದು ಮೀಟರು ಡ್ರಿಲ್ ತಂದೆ. ಒಂದು ನನಗೆ. ಇನ್ನೊಂದಕ್ಕೆ ಅಟೆಂಡರ್ ಕಾಕಾನ ಅಳತೆ ಬೇಕಿತ್ತು. "ನನಗ್ಯಾಕವ್ವಾ ಡಾಕ್ಟರ್ ಅಂಗಿ" ಅಂತ ಎರಡು ದಿನ ತಪ್ಪಿಸಿಕೊಂಡ, ಮೂರನೇ ದಿನ ತಾನೇ ಟೇಲರ್ ಹತ್ತಿರ ಹೋಗಿ ಅಳತೆ ಕೊಟ್ಟು ಬಂದಿದ್ದಾನೆ. ಗುಲಾಬಿ ಬ್ಯಾಡ ಅಂದನಂತೆ, ನೀಲಿ ಹುಡುಕುತ್ತಿದ್ದಾರೆ. ಬಟ್ಟೆ ನಿನ್ನೆ ರಾತ್ರಿಯಿಂದ ನನ್ನ ಬಕೆಟ್ಟಿನಲ್ಲಿ ನೆನೆಯುತ್ತಿದೆ. ನಾಳೆ ಒಣಹಾಕುತ್ತೇನೆ, ಹೊರಗಿನ ಮಳೆ ನೋಡಿದರೆ ಶನಿವಾರದ ತನಕ ಕತ್ತರಿ ಆಡುವ ಲಕ್ಷಣ ಇಲ್ಲ.