ಎರೆಹುಳು, ಜಿರಳೆ ಮತ್ತು ಕಾಗದದ ಸೂಕ್ಷ್ಮದರ್ಶಕ: ಫೋಲ್ಡ್‌ಸ್ಕೋಪ್ ಬಳಸಿ ನೋಡಿದ ಮೇಲೆ

ಈ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಎರೆಹುಳು ಮತ್ತು ಜಿರಳೆಗಳ ಅವಲೋಕನಕ್ಕೆ ತೊಡಗಿದಾಗ ನಾನು ತರಿಸಿಕೊಂಡದ್ದು ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಈ ಉಪಕರಣದ ವಿವರಗಳು 2014ರಲ್ಲಿ ಪ್ರಕಟವಾದವು. ಬಿಡಿಭಾಗಗಳ ವೆಚ್ಚ ಒಂದು ಡಾಲರಿಗಿಂತ ಕಡಿಮೆ ಎಂಬುದೇ ಆಗ ಎಲ್ಲರ ಗಮನ ಸೆಳೆದಿತ್ತು. ಹಾಳೆಗಳನ್ನು ಮಡಿಸಿ ಜೋಡಿಸಿದರೆ ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುವ ಸಾಧನ ಸಿದ್ಧವಾಗುತ್ತದೆ. ನಮ್ಮ ಮಕ್ಕಳಿಗೆ ಈ ಕೆಲಸಕ್ಕೆ ಒಂದು ಪೀರಿಯಡ್ ಸಾಕಾಯಿತು.

ಕೊಳ್ಳುವ ಮೊದಲು ಶಿಕ್ಷಕರು ಒಂದು ಸಂಗತಿಯನ್ನು ತಿಳಿದಿರಬೇಕು. ಬೆಳಕು ವಸ್ತುವನ್ನು ಹಾದು ಬಂದರೆ ಮಾತ್ರ ಇದರಲ್ಲಿ ಚಿತ್ರ ಮೂಡುವುದರಿಂದ, ಇಡೀ ಎರೆಹುಳುವನ್ನಾಗಲಿ ಇಡೀ ಜಿರಳೆಯನ್ನಾಗಲಿ ಇದರೊಳಗೆ ನೋಡಲು ಬರುವುದಿಲ್ಲ. ಎರೆಹುಳುವಿಗೆ ಭೂತಗನ್ನಡಿಯೇ ಸರಿ. ಅದಕ್ಕಿಂತಲೂ ಕಿವಿ ಮೇಲು ಎನ್ನುತ್ತೇನೆ. ಹುಳುವನ್ನು ಒಣ ಕಾಗದದ ಮೇಲೆ ಬಿಟ್ಟು ಇಡೀ ತರಗತಿ ಸದ್ದಿಲ್ಲದೆ ಬಾಗಿ ನಿಂತಾಗ, ಅದರ ಮೈಯ ಬಿರುಗೂದಲುಗಳು ಕಾಗದವನ್ನು ಕೆರೆಯುವ ಸಣ್ಣ ಸರಸರ ಸದ್ದು ನಮಗೆಲ್ಲ ಕೇಳಿಸಿತು. ಚರ್ಮದಿಂದ ಉಸಿರಾಡುವ ಜೀವ ಒಣಗಬಾರದೆಂದು ಅದನ್ನು ಬೇಗನೆ ಒದ್ದೆ ಮಣ್ಣಿಗೆ ಸೇರಿಸಿದೆವು. ಎರೆಹುಳುವನ್ನು ಎರಡಾಗಿ ಕತ್ತರಿಸಿದರೆ ಎರಡು ಹುಳುಗಳಾಗುತ್ತವೆ ಎಂಬ ಸುಳ್ಳನ್ನು ಅಂತರ್ಜಾಲದಲ್ಲಿ ಓದಿದ ಇಬ್ಬರು ಹುಡುಗರು ಅದನ್ನು ಪರೀಕ್ಷಿಸಲು ಮುಂದಾದಾಗ ನಾನು ಖಂಡಿತವಾಗಿ ತಡೆದೆ. ಕಾಲೇಜುಗಳಲ್ಲಿಯೇ ಪ್ರಾಣಿಗಳನ್ನು ಕೊಯ್ದು ನೋಡುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2014ರಲ್ಲಿ ನಿಲ್ಲಿಸಿರುವಾಗ, ಶಾಲೆಯಲ್ಲಿ ಅದಕ್ಕೆ ಜಾಗವಿಲ್ಲ.

ಫೋಲ್ಡ್‌ಸ್ಕೋಪಿನ ನಿಜವಾದ ಬೆಲೆ ತಿಳಿದದ್ದು ಜಿರಳೆಯ ವಿಷಯದಲ್ಲಿ. ಹಳೆಯ ಬೀರುವಿನ ಹಿಂದೆ ಒಂದು ಬೆಳಗ್ಗೆ ಹಾಲಿನಂತೆ ಬೆಳ್ಳಗಿರುವ ಜಿರಳೆ ಸಿಕ್ಕಿತು. ಮಕ್ಕಳು ಮೊಬೈಲಿನಲ್ಲಿ ‘ಬಿಳಿ ಜಿರಳೆ’ ಎಂದು ಹುಡುಕಿದರು. ಕೀಟನಾಶಕ ಮಾರುವ ಒಂದು ತಾಣ ಅದನ್ನು ಬೇರೆಯದೇ ಜಾತಿ ಎಂದಿತ್ತು, ಮತ್ತೊಂದು ತಾಣ ಈಗಷ್ಟೇ ಪೊರೆ ಬಿಟ್ಟ ಸಾಮಾನ್ಯ ಜಿರಳೆ ಎಂದಿತ್ತು. ಯಾವುದು ನಿಜವೆಂದು ನಾನು ಹೇಳಲಿಲ್ಲ. ಗಾಜಿನ ಬಾಟಲಿಯಲ್ಲಿಟ್ಟು ಪ್ರತಿ ಪೀರಿಯಡ್ ಮುಗಿದಾಗಲೂ ಅದರ ಬಣ್ಣವನ್ನು ಬರೆದಿಡಲು ಸೂಚಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಜೇನಿನ ಬಣ್ಣಕ್ಕೆ ತಿರುಗಿತ್ತು, ಶಾಲೆ ಬಿಡುವ ಹೊತ್ತಿಗೆ ಕಂದು ಜಿರಳೆಯೇ ಆಗಿತ್ತು. ಯಾವ ತಾಣವನ್ನು ನಂಬಬೇಕೆಂಬುದನ್ನು ಮಕ್ಕಳು ಆ ಬಾಟಲಿಯಿಂದ ತೀರ್ಮಾನಿಸಿದರು.

ಬಿಟ್ಟ ಪೊರೆಯನ್ನು ಜಿರಳೆಯೇ ತಿಂದುಬಿಡುವುದುಂಟು. ನಮ್ಮ ಪುಣ್ಯಕ್ಕೆ ಅದು ಬೀರುವಿನ ಹಿಂದೆಯೇ ಉಳಿದಿತ್ತು. ತೆಳುವಾದ ಆ ಪೊರೆಯ ಒಳಗೆ ಅಂಟಿದ್ದ ಬಿಳಿಯ ಎಳೆಯೊಂದನ್ನು ಒಬ್ಬ ಹುಡುಗಿ ಸ್ಲೈಡಿನ ಮೇಲಿಟ್ಟು, ಫೋಲ್ಡ್‌ಸ್ಕೋಪನ್ನು ಕಣ್ಣಿಗೆ ಒತ್ತಿ ಹಿಡಿದು ಕಿಟಕಿಯತ್ತ ತಿರುಗಿ, ‘ಸಾರ್, ಇದರಲ್ಲಿ ಪೆನ್ನಿನ ಸ್ಪ್ರಿಂಗ್ ಇದೆ’ ಎಂದಳು. ಅದು ಜಿರಳೆಯ ಉಸಿರುನಳಿಕೆಯ ಒಳಪದರ. ನಳಿಕೆ ಮುಚ್ಚಿಹೋಗದಂತೆ ತಡೆಯುವ ಸುರುಳಿ ಉಂಗುರಗಳು ಅವಳಿಗೆ ಕಂಡಿದ್ದವು. ಜಿರಳೆಗೆ ಹತ್ತು ಜೊತೆ ಉಸಿರುರಂಧ್ರಗಳಿವೆ ಎಂದು ನಾನು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ; ಆ ರಂಧ್ರಗಳಿಂದ ಒಳಗೆ ಹೋಗುವ ದಾರಿಯನ್ನು ನನ್ನ ವಿದ್ಯಾರ್ಥಿಯೊಬ್ಬಳು ಕಣ್ಣಾರೆ ನೋಡಿದ್ದು ಇದೇ ಮೊದಲು.

ಚಿತ್ರವನ್ನು ಸ್ಫುಟಗೊಳಿಸಲು ಹೊಸಬರಿಗೆ ತಾಳ್ಮೆ ಬೇಕು, ಮೋಡ ಕವಿದ ದಿನ ಟಾರ್ಚಿನ ಬೆಳಕೂ ಬೇಕು. ಜೊತೆಗೆ ಬರುವ ಅಯಸ್ಕಾಂತದ ಬಿಲ್ಲೆಯಿಂದ ಮೊಬೈಲಿಗೆ ಜೋಡಿಸಿದರೆ ಒಬ್ಬರು ಕಂಡದ್ದನ್ನು ಎಲ್ಲರೂ ಕಾಣಬಹುದು. ಆದರೂ ನನ್ನ ಸಲಹೆಯೆಂದರೆ, ಮೊದಲು ಪ್ರತಿ ಮಗುವೂ ಸ್ವತಃ ಕಣ್ಣಿಟ್ಟು ನೋಡಿ ಪೆನ್ಸಿಲಿನಲ್ಲಿ ಚಿತ್ರ ಬರೆಯಲಿ, ಮೊಬೈಲು ಆಮೇಲೆ ಬರಲಿ. ಇಬ್ಬರಿಗೆ ಒಂದರಂತೆ ತರಿಸಿಕೊಳ್ಳುವುದು ಒಳ್ಳೆಯದು, ಜೊತೆಗೆ ನಾಲ್ಕಾರು ಭೂತಗನ್ನಡಿಗಳೂ ಇರಲಿ.