ಬಿಡುಗಡೆಯೇ ಆಗದ ಬ್ಲೂ-ರೇ ಸೆಟ್‌ಗೆ 11,500 ರೂಪಾಯಿ ತೆತ್ತೆ

ಅಮೆರಿಕದ ಬಾಹ್ಯಾಕಾಶ ಕಥೆಗಳ ಟಿವಿ ಸರಣಿಗಳಾದ ಸ್ಟಾರ್ ಟ್ರೆಕ್ ಬಳಗದ ‘ಡೀಪ್ ಸ್ಪೇಸ್ ನೈನ್’ ಸರಣಿಯ ಏಳೂ ಸೀಸನ್‌ಗಳು ಬ್ಲೂ-ರೇ (ಡಿವಿಡಿಗಿಂತ ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಬಾಕ್ಸ್ ಸೆಟ್ಟಾಗಿ ಸಿಗುತ್ತವೆಂದು ಯಾರಾದರೂ ನಿಮಗೆ ಹೇಳಿದರೆ, ಹಣ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿ. ಕಳೆದ ಶ್ರಾವಣದಲ್ಲಿ ದಾವಣಗೆರೆಯ ನನ್ನ ಮನೆಯಲ್ಲಿ ಕುಳಿತು ಅಂಥದೊಂದು ಸೆಟ್‌ಗೆ 11,500 ರೂಪಾಯಿ ಕಳುಹಿಸಿದೆ. ನಾನು ಹಣ ಕಳುಹಿಸಿದ ದಿನ ಆ ಸರಣಿಯ ಅಧಿಕೃತ ಬ್ಲೂ-ರೇ ಎಂಬುದು ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಇದು ಏನೂ ಅರಿಯದವನೊಬ್ಬ ಮೋಸಹೋದ ಪ್ರಸಂಗವಲ್ಲ ಎಂಬುದೇ ನನಗೆ ಹೆಚ್ಚು ನಾಚಿಕೆಯ ಸಂಗತಿ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಮೂಲ ಸ್ಟಾರ್ ಟ್ರೆಕ್ ಬರುತ್ತಿದ್ದಾಗ ದೊಡ್ಡಪ್ಪನ ಮನೆಯ ಕಪ್ಪುಬಿಳುಪು ಟಿವಿಯ ಮುಂದೆ ಕುಳಿತು ನೋಡಿದವನು ನಾನು. 1966ರಿಂದ 1969ರವರೆಗೆ ಪ್ರಸಾರವಾದ ಅದರ 79 ಕಂತುಗಳೂ, ಅನಂತರ ಬಂದ ‘ದಿ ನೆಕ್ಸ್ಟ್ ಜನರೇಷನ್’ನ ಏಳು ಸೀಸನ್‌ಗಳೂ ನನ್ನ ಕಪಾಟಿನಲ್ಲಿ ಅಸಲಿ ಬ್ಲೂ-ರೇಗಳಾಗಿಯೇ ಇವೆ. ಈ ಎರಡನೆಯ ಸೆಟ್ ಕೈಯಲ್ಲಿದ್ದುದರಿಂದಲೇ ನಾನು ಎಡವಿದೆ. ಆ ಸರಣಿಯನ್ನು 35 ಮಿ.ಮೀ. ಫಿಲ್ಮ್‌ನಲ್ಲಿ ಚಿತ್ರೀಕರಿಸಿದ್ದರೂ ಸಂಕಲನವನ್ನೂ ವಿಶೇಷ ದೃಶ್ಯಗಳ ಜೋಡಣೆಯನ್ನೂ ಅಂದಿನ ಸಾಮಾನ್ಯ ಸ್ಪಷ್ಟತೆಯ ವಿಡಿಯೋ ಟೇಪಿನಲ್ಲಿ ಮುಗಿಸಿದ್ದರು. ಹಾಗಾಗಿ ಬ್ಲೂ-ರೇಗೆ ತರಬೇಕಾದಾಗ ಮೂಲ ನೆಗೆಟಿವ್‌ಗಳನ್ನು ಹುಡುಕಿ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಒಂದೊಂದು ಕಂತನ್ನೂ ಹೊಸದಾಗಿ ಸಂಕಲಿಸಿ, 2012ರಿಂದ 2014ರವರೆಗೆ ಸೀಸನ್‌ಗಳನ್ನು ಹೊರತಂದರು. 1993ರಿಂದ 1999ರವರೆಗೆ ನಡೆದ ಡೀಪ್ ಸ್ಪೇಸ್ ನೈನ್ ಕೂಡ ಹೀಗೆಯೇ ಟೇಪಿನಲ್ಲಿ ಮುಗಿದ ಸರಣಿ. ಅದರ ಕೊನೆಯ ಸೀಸನ್‌ಗಳಲ್ಲಿ ಕಂಪ್ಯೂಟರಿನಲ್ಲಿ ರಚಿಸಿದ ಯುದ್ಧದೃಶ್ಯಗಳೂ ಹೆಚ್ಚಿದ್ದು, ಅವನ್ನೆಲ್ಲ ದೊಡ್ಡ ಅಳತೆಯಲ್ಲಿ ಮತ್ತೆ ತಯಾರಿಸದೆ ಗತ್ಯಂತರವಿಲ್ಲ. ಅಣ್ಣನಿಗೆ ಆದ ಸಂಸ್ಕಾರ ತಮ್ಮನಿಗೂ ಆಗಿರಲೇಬೇಕು ಎಂದು ನಾನು ಊಹಿಸಿಬಿಟ್ಟೆ. ತಮ್ಮನ ಸರದಿ ಬಂದೇ ಇರಲಿಲ್ಲ.

ಮಾರಾಟಗಾರರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಸಂಗ್ರಾಹಕರೆಂದೇ ಪರಿಚಯ ಮಾಡಿಕೊಂಡಿದ್ದ ಅವರ ಮಾತು ಬಹಳ ನಯವಾಗಿತ್ತು. “ಸರ್, ಹೈ ಡೆಫಿನಿಷನ್‌ನಲ್ಲಿ ಬಂದಿಲ್ಲ ಅಂತ ಹಳಬರು ಹೇಳ್ತಾರೆ. 2019ರ ಸಾಕ್ಷ್ಯಚಿತ್ರ ನೋಡಿಲ್ವಾ ನೀವು?” ಎಂದು ಅವರೇ ಕೇಳಿದರು. ‘ವಾಟ್ ವಿ ಲೆಫ್ಟ್ ಬಿಹೈಂಡ್’ ಎಂಬ ಆ ಸಾಕ್ಷ್ಯಚಿತ್ರಕ್ಕಾಗಿ ಸರಣಿಯ ಕೆಲವು ದೃಶ್ಯತುಣುಕುಗಳನ್ನು ನೆಗೆಟಿವ್‌ನಿಂದ ಹೊಸದಾಗಿ ಸಿದ್ಧಪಡಿಸಿದ್ದು ನಿಜ. ಕೆಲವು ತುಣುಕುಗಳು ಸಿದ್ಧವಾದ ಮಾತ್ರಕ್ಕೆ 176 ಕಂತುಗಳೂ ಸಿದ್ಧವಾಗಿವೆ ಎಂದು ನಂಬಿದ್ದು ನನ್ನ ದಡ್ಡತನ. ಒಂದು ನಿಜವನ್ನು ಮುಂದಿಟ್ಟು ಅದರ ಹಿಂದೆ ಸುಳ್ಳನ್ನು ನಿಲ್ಲಿಸಿದ್ದು ಅವರ ಜಾಣತನ.

ಪೆಟ್ಟಿಗೆ ಬಂದಾಗ ಅದರ ಅಂದಕ್ಕೆ ಮನೆಯವರೆಲ್ಲ ಬೆರಗಾದರು. ದಪ್ಪ ರಟ್ಟು, ಉಬ್ಬಕ್ಷರ, ಒಳಗೆ ನುಣುಪು ಕಾಗದದ ಕಿರುಪುಸ್ತಕ, ಮುಚ್ಚಳಕ್ಕೆ ಅಯಸ್ಕಾಂತ. ನನ್ನ ತಂದೆ ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದವರು. ಮೆಕ್ಕೆಜೋಳದ ಚೀಲ ಬಂದರೆ ಹೊಲಿಗೆಯನ್ನು ನೋಡುತ್ತಿರಲಿಲ್ಲ. ಚೀಲದ ನಡುವಿಗೆ ಕೊಳವೆ ಚುಚ್ಚಿ, ಒಳಗಿನ ಕಾಳನ್ನು ಅಂಗೈ ಮೇಲೆ ಹರಡಿಕೊಂಡು ನೋಡುತ್ತಿದ್ದರು. ಅವರ ಮಗನಾದ ನಾನು ಎರಡು ದಿನ ಹೊಲಿಗೆಯನ್ನೇ ನೋಡುತ್ತ ಕುಳಿತೆ. ಡಿಸ್ಕ್ ಹಾಕಿ ನೋಡಿದ್ದು ಮೂರನೆಯ ದಿನ.

ಮೊದಲು ಮಾಡಬೇಕಿದ್ದುದು ಬರಿಯ ಭಾಗಾಕಾರ. ಪೆಟ್ಟಿಗೆಯಲ್ಲಿದ್ದುದು 14 ಡಿಸ್ಕ್‌ಗಳು, ಕಂತುಗಳು 176. ಅಂದರೆ ಡಿಸ್ಕ್ ಒಂದಕ್ಕೆ ಹನ್ನೆರಡು ಹದಿಮೂರು ಕಂತುಗಳು. ಒಂದು ಪದರದ ಬ್ಲೂ-ರೇಯಲ್ಲಿ ಹಿಡಿಸುವುದು 25 ಜಿಬಿ, ಎರಡು ಪದರದ್ದರಲ್ಲಿ 50 ಜಿಬಿ. ಇವು ಒಂದೇ ಪದರದವಾಗಿದ್ದುದರಿಂದ ಮುಕ್ಕಾಲು ಗಂಟೆಯ ಒಂದು ಕಂತಿಗೆ ಸಿಕ್ಕಿದ್ದು ಸುಮಾರು 2 ಜಿಬಿ. ನನ್ನಲ್ಲಿರುವ ನೆಕ್ಸ್ಟ್ ಜನರೇಷನ್‌ನ ಮೊದಲ ಸೀಸನ್ ಒಂದಕ್ಕೇ ಆರು ಡಿಸ್ಕ್‌ಗಳಿವೆ. ಈ ಲೆಕ್ಕಕ್ಕೆ ಪೆಟ್ಟಿಗೆ ತೆರೆಯುವ ಅಗತ್ಯವೂ ಇರಲಿಲ್ಲ. ಡಿಸ್ಕ್‌ಗಳ ಸಂಖ್ಯೆ ಮಾರಾಟದ ವಿವರಣೆಯಲ್ಲಿಯೇ ಇತ್ತು. (ಪಟ್ಟಿಯಲ್ಲಿ 173 ಹೆಸರುಗಳಷ್ಟೇ ಇರುವುದನ್ನು ಕಂಡು ಮೂರು ಕಂತುಗಳನ್ನೂ ನುಂಗಿದ್ದಾರೆಂದು ಕೂಗಾಡಿದ್ದು ಮಾತ್ರ ನನ್ನದೇ ತಪ್ಪು. ಎರಡು ಕಂತಿನಷ್ಟು ಉದ್ದದ ಮೂರನ್ನು ಒಂದೊಂದೆಂದು ಎಣಿಸಿದರೆ 173 ಎಂಬುದೂ ಸರಿಯಾದ ಲೆಕ್ಕವೇ.)

ಪೆಟ್ಟಿಗೆಯ ಹಿಂಬದಿಯಲ್ಲಿ ಇನ್ನೊಂದು ಸುಳಿವಿತ್ತು. ಚಿತ್ರದ ಆಕಾರ ಅಗಲ ಪರದೆಯ 16:9 ಎಂದು ಹೆಮ್ಮೆಯಿಂದ ಮುದ್ರಿಸಿದ್ದರು. ಈ ಸರಣಿ ತಯಾರಾದದ್ದು ಹಳೆಯ ಟಿವಿಯ 4:3 ಚೌಕಟ್ಟಿಗೆ. ನೆಕ್ಸ್ಟ್ ಜನರೇಷನ್‌ನ ಬ್ಲೂ-ರೇಯಲ್ಲಿಯೂ ಆ ಚೌಕಟ್ಟನ್ನೇ ಉಳಿಸಿಕೊಂಡಿದ್ದಾರೆ. ಇಲ್ಲಿ ಪರದೆ ತುಂಬಲೆಂದು ಮೇಲೆ ಕೆಳಗೆ ಕತ್ತರಿಸಿದ್ದರಿಂದ ಕಥಾನಾಯಕ ಕ್ಯಾಪ್ಟನ್ ಸಿಸ್ಕೊ ಎದ್ದು ನಿಂತಾಗಲೆಲ್ಲ ಅವನ ನೆತ್ತಿ ಮಾಯವಾಗುತ್ತಿತ್ತು.

ಚಿತ್ರದ ಗುಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊದಲ ಹತ್ತು ನಿಮಿಷ ಅದು ಚೆನ್ನಾಗಿಯೇ ಇದೆ ಎನಿಸುತ್ತದೆ. ಡಿವಿಡಿಯ ಚಿತ್ರವನ್ನು ಕಂಪ್ಯೂಟರಿನ ಮೂಲಕ ಹಿಗ್ಗಿಸಿ, ಕಾಳುಕಾಳಾಗಿ ಕಾಣುವುದನ್ನೆಲ್ಲ ಒರೆಸಿಹಾಕಿರುತ್ತಾರೆ. ಹತ್ತಿರದ ಮುಖಗಳು ಹೊಳೆಯುತ್ತವೆ. ಆದರೆ ಆ ಹೊಳಪು ಮೇಣದ ಬೊಂಬೆಯ ಹೊಳಪು: ಕೂದಲು ಎಳೆಎಳೆಯಾಗಿ ಕಾಣುವುದಿಲ್ಲ, ಹಿಂದೆ ನಡೆದಾಡುವವರ ಕಣ್ಣುಮೂಗುಗಳು ಕರಗಿಹೋಗಿರುತ್ತವೆ, ಯಂತ್ರಫಲಕಗಳ ಮೇಲಿನ ಬರಹ ಯಾವ ಲಿಪಿಗೂ ಸೇರದ ಗೀಚಾಗಿರುತ್ತದೆ. ಬಾಹ್ಯಾಕಾಶದ ದೃಶ್ಯದಲ್ಲಂತೂ ಸಣ್ಣ ನಕ್ಷತ್ರಗಳನ್ನು ಧೂಳೆಂದು ಬಗೆದು ಅಳಿಸಿಬಿಟ್ಟಿದ್ದರು. ನಕ್ಷತ್ರಗಳಿಲ್ಲದ ಆಕಾಶದಲ್ಲಿ ತೇಲುವ, ಕಥೆ ನಡೆಯುವ ಬಾಹ್ಯಾಕಾಶ ನಿಲ್ದಾಣವನ್ನು ಕಂಡಾಗ ನನಗೆ ಮೊದಲ ಬಾರಿಗೆ ಹೊಟ್ಟೆ ತೊಳಸಿದಂತಾಯಿತು.

ಡಿಸ್ಕ್‌ಗಳನ್ನು ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನ ಬಳಿಗೆ ಒಯ್ದೆ. ಅವನು ಒಂದನ್ನು ಟಾರ್ಚಿನ ಬೆಳಕಿಗೆ ಹಿಡಿದ ಕೂಡಲೇ “ಇದು ಫ್ಯಾಕ್ಟರಿಯಾಗ ಪ್ರೆಸ್ ಮಾಡಿದ್ದಲ್ಲಲೇ, ಬರ್ನ್ ಮಾಡಿದ್ದು” ಎಂದ. ಅಡಿಭಾಗಕ್ಕೆ ಕಂದು ಛಾಯೆ ಇತ್ತು. ಬರೆದ ಭಾಗ ಮುಗಿದು ಖಾಲಿ ಭಾಗ ಆರಂಭವಾಗುವಲ್ಲಿ ಬಳೆಯಂತೆ ಒಂದು ಗೆರೆ ಎದ್ದು ಕಾಣುತ್ತಿತ್ತು. ನಡುವಿನ ರಂಧ್ರದ ಸುತ್ತ ಅಸಲಿ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ, ‘ಐಎಫ್‌ಪಿಐ’ ಎಂದು ಆರಂಭವಾಗುವ ಸಣ್ಣ ಸಂಕೇತ ಇರಲಿಲ್ಲ. ಛಾಯೆಯೊಂದನ್ನೇ ನಂಬಬೇಡ ಎಂದು ಹೇಳಿ ಅವನು ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದ. ಮಾಧ್ಯಮದ ಬಗೆ ‘ಬಿಡಿ-ಆರ್’ ಎಂದು ಪರದೆಯ ಮೇಲೆ ಬಂತು. ಅಂಗಡಿಯಲ್ಲಿ ಖಾಲಿಯಾಗಿ ಸಿಗುವ ಡಿಸ್ಕ್ ಅದು. ಕಾರ್ಖಾನೆಯಲ್ಲಿ ಅಚ್ಚಾಗಿದ್ದರೆ ‘ಬಿಡಿ-ರಾಮ್’ ಎಂದು ಬರಬೇಕಿತ್ತು. ನನ್ನ ಪ್ಲೇಯರ್‌ನಲ್ಲಿ ಓದದಿದ್ದ ಹನ್ನೊಂದನೆಯ ಡಿಸ್ಕ್ ಅಲ್ಲಿಯೂ ಓದಲಿಲ್ಲ.

ಹಣ ವಾಪಸು ಕೇಳಿದಾಗ ಮಾರಾಟಗಾರರು ಮೊದಲು ನನ್ನ ಪ್ಲೇಯರ್ ಸರಿಯಿಲ್ಲ ಎಂದರು, ಬಳಿಕ ಪ್ರದೇಶ ಸಂಕೇತದ (ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರ್‌ನಲ್ಲಿ ಓಡದಂತೆ ಹಾಕುವ ಗುರುತು) ತೊಂದರೆ ಎಂದರು. ಬ್ಲೂ-ರೇಯಲ್ಲಿ ಭಾರತ ಸಿ ವಲಯಕ್ಕೆ ಸೇರುತ್ತದೆ, ಅಮೆರಿಕ ಎ ವಲಯಕ್ಕೆ, ಯುರೋಪು ಬಿ ವಲಯಕ್ಕೆ. ಆದರೆ ಅವರ ಪೆಟ್ಟಿಗೆಯ ಮೇಲೆ ಎಲ್ಲ ವಲಯಗಳಿಗೂ ಹೊಂದುತ್ತದೆ ಎಂದು ಅವರೇ ಮುದ್ರಿಸಿದ್ದರು. ಅದನ್ನು ತೋರಿಸಿದ ಮೇಲೆ ಉತ್ತರ ಬರಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲೆಂದು ಕುಳಿತಾಗ ನನ್ನ ಕೈಯಲ್ಲಿ ಏನೂ ಇಲ್ಲವೆಂಬುದು ತಿಳಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಖರೀದಿದಾರ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಮಾರಾಟಗಾರ ಎಲ್ಲಿದ್ದರೂ ಚಿಂತೆಯಿಲ್ಲ. ಆದರೆ ಯಾರ ಮೇಲೆ ಸಲ್ಲಿಸುವುದು? ಬಿಲ್ ಕೇಳಿರಲಿಲ್ಲ, ವಿಳಾಸ ಕೇಳಿರಲಿಲ್ಲ, ಎರಡು ಸಾವಿರ ಕಡಿಮೆಯಾಗುತ್ತದೆಂಬ ಆಸೆಗೆ ಯುಪಿಐ ಮೂಲಕ ನೇರವಾಗಿ ಒಂದು ಖಾಸಗಿ ಖಾತೆಗೆ ಹಣ ಹಾಕಿದ್ದೆ. ಪೊಟ್ಟಣ ತೆರೆಯುವಾಗ ವಿಡಿಯೋ ಕೂಡ ಮಾಡಿಕೊಂಡಿರಲಿಲ್ಲ.

ಕಳೆದ ತಿಂಗಳು ಪರಿಚಯದವರೊಬ್ಬರು ಮನೆಗೆ ಬಂದವರು ಕಪಾಟಿನಲ್ಲಿ ಆ ಪೆಟ್ಟಿಗೆಯನ್ನು ಕಂಡು, ನಕಲಿಯಾದರೂ ಪರವಾಗಿಲ್ಲ, ಡಬ್ಬಿ ಚೆನ್ನಾಗಿದೆ, ಐದು ಸಾವಿರಕ್ಕೆ ಕೊಟ್ಟುಬಿಡಿ ಎಂದರು. ಕೊಡಲಿಲ್ಲ. ಅವರು ಹೋದ ಮೇಲೆ ಮಾರ್ಕರ್ ತೆಗೆದುಕೊಂಡು ಹದಿನಾಲ್ಕು ಡಿಸ್ಕ್‌ಗಳ ಮೇಲೂ ಆ ಚೆಂದದ ಮುಚ್ಚಳದ ಮೇಲೂ ‘ನಕಲಿ’ ಎಂದು ದಪ್ಪಗೆ ಬರೆದಿಟ್ಟೆ.