ಹಳೆ ಬಾಕ್ಸ್‌ಸ್ಟರ್, ಪುಣೆಯ ಸಣ್ಣ ಗ್ಯಾರೇಜು: ಆರು ವರ್ಷದ ಅನುಭವ

ನನ್ನದು 2008ರ ಪೋರ್ಷೆ ಬಾಕ್ಸ್‌ಸ್ಟರ್, 2.7 ಲೀಟರ್ ಎಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡು ಏಳು ವರ್ಷ ಆಯಿತು. ಮೊದಲ ವರ್ಷ ಬೇರೆ ಕಡೆ ಸರ್ವೀಸ್ ಮಾಡಿಸಿದೆ. ಆಮೇಲಿನ ಆರು ವರ್ಷವೂ ಪುಣೆಯ ಬಾವಧನ ಹತ್ತಿರದ ಒಂದು ಸಣ್ಣ ಗ್ಯಾರೇಜಿನಲ್ಲೇ. ದೊಡ್ಡ ಬೋರ್ಡಿಲ್ಲ, ಎಸಿ ಹಾಕಿದ ವೇಟಿಂಗ್ ರೂಮಿಲ್ಲ, ಲಿಫ್ಟ್ ಇರುವುದು ಎರಡೇ. ಕೆಲಸ ಎಲ್ಲ ಮುಗಿದ ಮೇಲೆ, ಕೀಲಿ ಕೈಗೆ ಕೊಡುವ ಮುಂಚೆ ಇವರು ಗಾಡಿಯನ್ನು ಹೇಗೆ ನೋಡುತ್ತಾರೆ ಅನ್ನೋದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಈ ಗಾಡಿಯಲ್ಲಿ ಎಂಜಿನ್ ಸೀಟಿನ ಹಿಂದೆ ಇದೆ. ಮುಂದಿನ ಬಾನೆಟ್ ಎತ್ತಿದರೆ ಬ್ಯಾಟರಿ, ಬ್ಯಾಗ್ ಇಡುವ ಜಾಗ. ಹಿಂದಿನ ಡಿಕ್ಕಿ ತೆಗೆದರೆ ಆಯಿಲ್ ಹಾಕುವ ಮುಚ್ಚಳ, ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಹಾಕುವ ಮುಚ್ಚಳ. ಅಷ್ಟೇ. ಎಂಜಿನ್ ನೋಡಬೇಕು ಅಂದರೆ ಮಡಚುವ ಬಟ್ಟೆಯ ಟಾಪ್ ಎತ್ತಿ ಕವರ್ ಬಿಚ್ಚಬೇಕು, ಇಲ್ಲಾ ಲಿಫ್ಟ್ ಮೇಲೆ ಏರಿಸಬೇಕು. ಆಯಿಲ್ ಎಷ್ಟಿದೆ ನೋಡೋಕೆ ಕಡ್ಡಿ ಕೂಡ ಇಲ್ಲ, ಡಿಸ್‌ಪ್ಲೇಯಲ್ಲಿ ಓದಿಕೊಳ್ಳಬೇಕು. ಹಾಗಾಗಿ ಮೆಕ್ಯಾನಿಕ್ ಏನು ಮರೆತರು ಅನ್ನೋದು ನಮಗೆ ಗೊತ್ತಾಗುವುದು ದಾರಿಯಲ್ಲೇ.

ನನಗೆ ಗೊತ್ತಾಗಿದ್ದು ಶಿರವಳದ ಹತ್ತಿರ. ಆ ಮೊದಲ ವರ್ಷ, ಬೇರೆ ವರ್ಕ್‌ಶಾಪಿನಿಂದ ಗಾಡಿ ತಗೊಂಡು ಮಾರನೇ ದಿನವೇ ಅಮ್ಮನನ್ನು ಕೂರಿಸಿಕೊಂಡು ಬೆಳಗಾವಿಗೆ ಹೊರಟಿದ್ದೆ. ಖಂಬಾಟ್ಕಿ ಘಾಟ್ ಇನ್ನೂ ಮುಂದಿತ್ತು, ಹಿಂದಿನ ಟೈರ್ ಪಂಚರ್ ಆಯಿತು. ಈ ಗಾಡಿಗೆ ಸ್ಟೆಪ್ನಿ ಇಲ್ಲ. ಪಂಚರ್ ಅಂಗಡಿಯ ಹುಡುಗ ಬಂದ. ಪ್ರತಿ ಚಕ್ರದಲ್ಲೂ ಕಳ್ಳರು ಬಿಚ್ಚದಂತೆ ಒಂದು ಲಾಕ್ ಬೋಲ್ಟ್ ಇರುತ್ತದೆ, ಅದಕ್ಕೆ ಬೇರೆ ಸಾಕೆಟ್ಟೇ ಬೇಕು. ಆ ಸಾಕೆಟ್ ಡಿಕ್ಕಿಯಲ್ಲಿ ಇಲ್ಲ, ವರ್ಕ್‌ಶಾಪಿನವರು ತಮ್ಮ ಟ್ರೇಯಲ್ಲೇ ಬಿಟ್ಟಿದ್ದರು. ಅದಕ್ಕಿಂತ ಹೆದರಿಸಿದ್ದು ಉಳಿದ ನಾಲ್ಕು ಬೋಲ್ಟುಗಳು. ಅದರಲ್ಲಿ ಎರಡು ಬೆರಳಲ್ಲೇ ತಿರುಗಿದವು. ಹುಡುಗ ಏನೂ ಹೇಳದೆ ನನ್ನ ಮುಖ ನೋಡಿದ. ಪಂಚರ್ ಆಗದಿದ್ದರೆ ಅಮ್ಮನ ಜೊತೆ ಅದೇ ಚಕ್ರದ ಮೇಲೆ ಘಾಟ್ ಹತ್ತುತ್ತಿದ್ದೆ.

ಈ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ನಿಪ್ಪಾಣಿ ಕಡೆಯವರು, ನಾನು ಕಾಕಾ ಅಂತಲೇ ಕರೆಯೋದು. ಮೊದಲ ಸಲ ಸಂಜೆ ಐದಕ್ಕೆ ಹೋಗಿ "ಕೆಲಸ ಮುಗಿದಿದೆಯಲ್ಲ ಕಾಕಾ, ಕೊಟ್ಟುಬಿಡಿ" ಅಂದೆ. "ಗಡಿಬಿಡಿ ಮಾಡಬ್ಯಾಡ್ರಿ ಸರ. ಗಾಡಿ ಇನ್ನೂ ಕಾಯಬೇಕು, ಆಮ್ಯಾಲ ಆರಬೇಕು. ಅಲ್ಲಿತನಕ ಬಿಡಾಂಗಿಲ್ಲ" ಅಂದರು. ಬೇಜಾರಾಯಿತು. ಆದರೆ ಅಲ್ಲೇ ನಿಂತು ನೋಡಿದ ಮೇಲೆ ಅರ್ಥವಾಯಿತು.

ಕಾಯಿಸುವುದು, ಆರಿಸುವುದು ಕೂಲೆಂಟ್‌ಗೋಸ್ಕರ. ರೇಡಿಯೇಟರ್‌ಗಳು ಗಾಡಿಯ ಮೂತಿಯಲ್ಲಿ, ಎಡಕ್ಕೊಂದು ಬಲಕ್ಕೊಂದು. ಎಂಜಿನ್ ಇರುವುದು ನಮ್ಮ ಬೆನ್ನ ಹಿಂದೆ. ನಡುವೆ ಉದ್ದುದ್ದ ಪೈಪು. ಕೂಲೆಂಟ್ ಬದಲಿಸಿದಾಗ ಆ ಪೈಪಿನಲ್ಲಿ ಎಲ್ಲೋ ಒಂದು ಕಡೆ ಗಾಳಿ ನಿಂತರೆ ಸಾಕು, ಟ್ಯಾಂಕಿನಲ್ಲಿ ಲೆವೆಲ್ ಸರಿಯಾಗಿ ಕಂಡರೂ ಎಂಜಿನ್‌ಗೆ ಬೇಕಾದಷ್ಟು ತಂಪು ಸಿಗುವುದಿಲ್ಲ. ಅದಕ್ಕೆ ಮೊದಲು ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು ತುಂಬುತ್ತಾರೆ. ಆಮೇಲೆ ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಲು ಬಿಡುತ್ತಾರೆ, ಒಳಗೆ ಬರುವ ಗಾಳಿ ಒಂದೇ ಸಮ ಬಿಸಿ ಇದೆಯಾ ಅಂತ ಕೈಯಿಟ್ಟು ನೋಡುತ್ತಾರೆ, ಮುಂದೆ ಬಂದು ಎರಡೂ ರೇಡಿಯೇಟರ್ ಬಿಸಿ ಆಗಿವೆಯಾ ಮುಟ್ಟುತ್ತಾರೆ, ಫ್ಯಾನ್ ತಿರುಗುವ ತನಕ ಅಲ್ಲಿಂದ ಕದಲುವುದಿಲ್ಲ. ಪೂರ್ತಿ ಆರಿದ ಮೇಲೆ ಮತ್ತೆ ಲೆವೆಲ್ ನೋಡುವುದು. ಹೋದ ವರ್ಷ ಆರಿದ ಮೇಲೆ ಲೆವೆಲ್ ಸ್ವಲ್ಪ ಇಳಿದಿತ್ತು. ನಾನಾಗಿದ್ದರೆ ಟಾಪ್ ಅಪ್ ಮಾಡಿ ಹೋಗುತ್ತಿದ್ದೆ. ಅವರು ರಾತ್ರಿ ಗಾಡಿ ಅಲ್ಲೇ ಇಟ್ಟುಕೊಂಡರು. ಬೆಳಗ್ಗೆ ಟ್ಯಾಂಕಿನ ಹಿಂಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಈ ಮಾಡೆಲ್‌ನಲ್ಲಿ ವಯಸ್ಸಾದ ಮೇಲೆ ಟ್ಯಾಂಕ್ ಹೀಗೆ ಬಿಡುವುದು ಗೊತ್ತಿರುವ ವಿಷಯ. ಆದರೆ ಗಾಡಿ ಬಿಡುವ ಮುಂಚೆಯೇ ಹುಡುಕಿದ್ದು ಅವರ ತಾಳ್ಮೆ.

ಆಯಿಲ್ ಸುಮಾರು 8 ಲೀಟರ್ ಹಿಡಿಯುತ್ತದೆ. ಹಳೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ಗೆ ಪ್ರತಿ ಸಲ ಹೊಸ ವಾಷರ್, ಬಿಗಿ 50 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಫಿಲ್ಟರ್ ಡಬ್ಬಿ ಪ್ಲಾಸ್ಟಿಕ್‌ದು, ಅದಕ್ಕೆ 25 ಮಾತ್ರ. ಬಿಗಿ ಮಾಡಿದ್ದರ ಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಗೆರೆ ಎಳೆಯುತ್ತಾರೆ, ಕಾಕಾ ಬಂದು ಗೆರೆ ನೋಡುತ್ತಾರೆ. ಆಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡಿಸ್‌ಪ್ಲೇ ಓದುವುದು. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಕೆಲವರು ಅಂದುಕೊಳ್ಳುತ್ತಾರೆ, ಹಾಗಲ್ಲ, ಹೊಗೆ ಶುರುವಾಗುತ್ತದೆ. ಕೊನೆಗೆ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸುತ್ತಾರೆ. ಹನಿ ಬಿದ್ದರೆ ಎಲ್ಲಿಂದ ಬಿತ್ತು ಅಂತ ತೋರಿಸುತ್ತದೆ.

ಬ್ರೇಕ್ ಪ್ಯಾಡ್ ಬದಲಿಸಿದ ದಿನ ಗಾಡಿ ಅಲುಗಾಡಿಸುವ ಮುಂಚೆ ಪೆಡಲ್ ನಾಲ್ಕೈದು ಸಲ ತುಳಿದು ಗಟ್ಟಿಯಾಗಿದೆಯಾ ನೋಡುತ್ತಾರೆ. ಹೊಸ ಪ್ಯಾಡ್ ಕೂರಿಸಲು ಅದನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರಲ್ಲ, ಮೊದಲ ತುಳಿತಕ್ಕೆ ಪೆಡಲ್ ಸೀದಾ ಒಳಗೆ ಹೋಗುತ್ತದೆ. ಮನೆಯಲ್ಲಿ ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಮರೀಬೇಡಿ.

ಚಕ್ರದ ಬೋಲ್ಟ್ ಒಟ್ಟು 20, ಎಲ್ಲವೂ ಬಿಗಿ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲೇ, 130 ನ್ಯೂಟನ್ ಮೀಟರ್. ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ತಂದು ತೋರಿಸು ಅನ್ನುತ್ತಾರೆ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಲಾಕ್ ಬೋಲ್ಟಿನ ಸಾಕೆಟ್ ನನ್ನ ಕೈಗೇ ಕೊಡುತ್ತಾರೆ, ನಾನು ಡಿಕ್ಕಿಯಲ್ಲಿ ಇಟ್ಟ ಮೇಲೇ ಕೀಲಿ. ಶಿರವಳದ ಕತೆ ನಾನು ಅವರಿಗೆ ಹೇಳಿದ್ದು ಒಂದೇ ಸಲ.

ಮಳೆಗಾಲದ ಮುಂಚೆ ಇನ್ನೊಂದು ಕೆಲಸ. ಟಾಪ್ ಮಡಚಿ ಕೂರುವ ಜಾಗದಲ್ಲಿ ನೀರು ಹೋಗಲು ಎರಡೂ ಕಡೆ ತೂತುಗಳಿವೆ. ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೆ ಬಂದು ಸೀಟಿನ ಕೆಳಗಿರುವ ಕಂಟ್ರೋಲ್ ಯೂನಿಟ್‌ಗೆ ಸೇರುತ್ತದೆ, ಆಮೇಲೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಪುಣೆ ಮಳೆಗೆ ಒಂದು ರಾತ್ರಿ ಸಾಕು. ಒಂದು ಮಗ್ ನೀರು ಸುರಿದು, ಅದು ಗಾಡಿಯ ಅಡಿಯಿಂದ ಬರುವ ತನಕ ಬಗ್ಗಿ ನೋಡುತ್ತಾರೆ.

ಕೊನೆಗೆ ಪಾಷಾಣ, ಸೂಸ್ ಕಡೆ ಒಂದು ರೌಂಡ್. ಕಾಕಾ ಓಡಿಸುತ್ತಾರೆ, ನಾನು ಪಕ್ಕದಲ್ಲಿ. ಎಸಿ ಇಲ್ಲ, ಹಾಡಿಲ್ಲ, ಮಾತೂ ಇಲ್ಲ. ಬೆನ್ನ ಹಿಂದೆ ಆರು ಸಿಲಿಂಡರ್‌ಗಳ ಸದ್ದು ಕೇಳಿಸಿಕೊಂಡು ಹೋಗುವ ಆ ಅರ್ಧ ಗಂಟೆ ನನಗೆ ತುಂಬಾ ಇಷ್ಟ. ವಾಪಸ್ ಬಂದು ಸ್ಕ್ಯಾನರ್ ಹಾಕಿ ಹೊಸ ಎರರ್ ಏನಾದರೂ ಬಂದಿದೆಯಾ ನೋಡುತ್ತಾರೆ. ಬ್ಯಾಟರಿ ತೆಗೆದಿದ್ದರೆ ಕಿಟಕಿ ಗಾಜನ್ನೂ ಪೂರ್ತಿ ಏರಿಸಿ, ಸ್ವಿಚ್ ಹಿಡಿದು ಮತ್ತೆ ಸೆಟ್ ಮಾಡುತ್ತಾರೆ.

ಬೇಜಾರಿನ ವಿಷಯವೂ ಇದೆ. ಪಾರ್ಟ್ಸ್ ಬರುವುದು ತುಂಬಾ ತಡ, ಒಂದು ಎಸಿ ಪೈಪಿಗೆ ಐದು ವಾರ ಕಾದಿದ್ದೇನೆ. ಫೋನ್ ಎತ್ತುವುದು ಅಪರೂಪ, ಮೆಸೇಜ್‌ಗೆ ಉತ್ತರ ಬರುವುದಿಲ್ಲ, ಸುಮ್ನೆ ಹೋಗಿ ನಿಲ್ಲಬೇಕು. ಬಿಲ್ಲು ಕೈಬರಹದ್ದು, ಮಾರುವಾಗ ಸರ್ವೀಸ್ ಹಿಸ್ಟರಿ ಅಂತ ಕೇಳುವವರಿಗೆ ಅದು ಸಾಕಾಗುವುದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಳೆದ ಅರ್ಧ ಫೋನಿಗೆ. ಗಾಡಿ ಬಿಡುವವರು ಶುಕ್ರವಾರ ಬಿಟ್ಟು ಸೋಮವಾರ ತಗೊಳ್ಳಿ. ಅದೇ ದಿನ ಸಂಜೆ ಬೇಕು ಅಂದರೆ ಕಾಕಾ ಕೆಲಸವನ್ನೇ ಒಪ್ಪುವುದಿಲ್ಲ.